ಬಾವಿಗೆ ಇಳಿಸಿದ ದೀಪ ಆರಲಿಲ್ಲ ಎಂದರೆ ಒಳಗಿನ ಗಾಳಿ ಸುರಕ್ಷಿತವೇ?

ಬೇಸಿಗೆ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ಕಡೆ ತೆರೆದ ಬಾವಿಗಳ ನೀರು ತಳ ಸೇರುತ್ತದೆ. ಹೂಳು ತೆಗೆಯಲು ಅದೇ ಸರಿಯಾದ ಸಮಯ. ಮಳೆ ಹಿಡಿಯುವ ಮೊದಲು ಶೌಚಗುಂಡಿ, ಚರಂಡಿ ಸ್ವಚ್ಛ ಮಾಡಿಸುವವರೂ ಇದ್ದಾರೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರ್ಖಾನೆಗಳಲ್ಲಿ ಟ್ಯಾಂಕ್ ತೊಳೆಯುವ, ರಿಪೇರಿ ಮಾಡುವ ಕೆಲಸ ನಡೆಯುತ್ತದೆ. ಇವೆಲ್ಲಕ್ಕೂ ಒಬ್ಬ ಮನುಷ್ಯ ಇಕ್ಕಟ್ಟಾದ, ಗಾಳಿಯಾಡದ ಜಾಗಕ್ಕೆ ಇಳಿಯಬೇಕಾಗುತ್ತದೆ.

ಇಂಥ ಕೆಲಸಕ್ಕೆ ಒಂದು ಹಳೆಯ ಸಲಹೆ ಬಾಯಿಂದ ಬಾಯಿಗೆ, ಈಗ ಮೊಬೈಲ್‌ನಿಂದ ಮೊಬೈಲ್‌ಗೆ ಹೋಗುತ್ತಿರುತ್ತದೆ: ‘ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ. ದೀಪ ಆರಿದರೆ ಇಳಿಯಬೇಡಿ, ಉರಿಯುತ್ತಿದ್ದರೆ ಧೈರ್ಯವಾಗಿ ಇಳಿಯಿರಿ.’

ಈ ಸಲಹೆಯ ಮೊದಲ ಅರ್ಧ ಸರಿ. ಎರಡನೆಯ ಅರ್ಧ ಜೀವ ತೆಗೆಯಬಲ್ಲದು. ಅದು ಹೇಗೆ, ಮತ್ತು ದೀಪದ ಬದಲು ಬಳಸಬೇಕಾದ ಗ್ಯಾಸ್ ಅಳೆಯುವ ಯಂತ್ರವನ್ನು ಹೇಗೆ ಬಳಸಬೇಕು ಎಂದು ನೋಡೋಣ.

ಈ ನಂಬಿಕೆ ಬಂದದ್ದು ಎಲ್ಲಿಂದ?

ಇದು ಪೂರ್ತಿ ಮೂಢನಂಬಿಕೆಯಲ್ಲ. ಉತ್ತರ ಕರ್ನಾಟಕದಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಡಿಯ ಆ ಗುಂಡಿಯನ್ನು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಗಾಳಿಯಾಡಲು ಬಿಡುತ್ತಿದ್ದರು. ಕಾಳುಗಳೂ ಉಸಿರಾಡುತ್ತವೆ. ಮುಚ್ಚಿದ ಗುಂಡಿಯಲ್ಲಿ ಅವು ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಆಮ್ಲಜನಕ ತುಂಬಾ ಕಡಿಮೆಯಾದ ಗುಂಡಿಯಲ್ಲಿ ದೀಪ ಆರುವುದೂ ನಿಜ.

ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲೂ ದೀಪವೇ ಗ್ಯಾಸ್ ಮೀಟರ್ ಆಗಿತ್ತು. 1815ರಲ್ಲಿ ಹಂಫ್ರಿ ಡೇವಿ ಜ್ವಾಲೆಯ ಸುತ್ತ ತಂತಿ ಬಲೆ ಇರುವ ದೀಪ ಮಾಡಿದ. ಮೀಥೇನ್ ಇದ್ದರೆ ಜ್ವಾಲೆಯ ಎತ್ತರ, ಬಣ್ಣ ಬದಲಾಗುತ್ತಿತ್ತು. ಬಲೆಯ ಕಾರಣ ಬೆಂಕಿ ಹೊರಗೆ ಹರಡುತ್ತಿರಲಿಲ್ಲ. ವಿಷಾನಿಲ ತಿಳಿಯಲು ಗಣಿಗಳಿಗೆ ಕ್ಯಾನರಿ ಹಕ್ಕಿಗಳನ್ನೂ ಒಯ್ಯುತ್ತಿದ್ದರು. ಬ್ರಿಟನ್ ಆ ಹಕ್ಕಿಗಳನ್ನು ಕೈಬಿಟ್ಟು ವಿದ್ಯುತ್ ಮೀಟರ್‌ಗೆ ಬದಲಾದದ್ದು 1986ರಲ್ಲಿ. ದೀಪವೊಂದೇ ಸಾಲದು ಎಂದು ಗಣಿ ಕಾರ್ಮಿಕರಿಗೆ ಅಂದೇ ಗೊತ್ತಿತ್ತು.

ದೀಪಕ್ಕೆ ಕಾಣದ್ದು ಏನೇನು?

ಒಂದು: ಆಮ್ಲಜನಕದ ಕೊರತೆ. ನಾವು ಉಸಿರಾಡುವ ಗಾಳಿಯಲ್ಲಿ ಶೇ 20.9ರಷ್ಟು ಆಮ್ಲಜನಕವಿದೆ. ಇದು ಶೇ 19.5ಕ್ಕಿಂತ ಕೆಳಗಿಳಿದರೆ ಆ ಜಾಗಕ್ಕೆ ಇಳಿಯಬಾರದು ಎಂಬುದು ಸುರಕ್ಷತಾ ನಿಯಮ. ದೀಪ ಆರುವುದು ಸುಮಾರು ಶೇ 16ರ ಆಸುಪಾಸಿನಲ್ಲಿ. ಈ ಎರಡರ ನಡುವೆ ದೀಪ ಉರಿಯುತ್ತಲೇ ಇರುತ್ತದೆ. ಆದರೆ ಒಳಗಿಳಿದವನ ಉಸಿರು ಏರುತ್ತದೆ, ಯೋಚನೆ ಮಂದವಾಗುತ್ತದೆ, ಕೈಕಾಲಿನ ಹಿಡಿತ ತಪ್ಪುತ್ತದೆ. ಏಣಿ ಹತ್ತಬೇಕೆನ್ನುವಷ್ಟರಲ್ಲಿ ಶಕ್ತಿ ಇರುವುದಿಲ್ಲ.

ಎರಡು: ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಶೌಚಗುಂಡಿ, ಚರಂಡಿ, ಕಾರ್ಖಾನೆಯ ತ್ಯಾಜ್ಯನೀರಿನ ಗುಂಡಿಗಳಲ್ಲಿ ಹುಟ್ಟುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ, ಅಂದರೆ 100 ಪಿಪಿಎಂ ಇದ್ದರೆ ಜೀವಕ್ಕೆ ಅಪಾಯ. 500ರಿಂದ 700 ಪಿಪಿಎಂ ಇದ್ದರೆ ಐದೇ ನಿಮಿಷದಲ್ಲಿ ಮನುಷ್ಯ ಕುಸಿದು ಬೀಳುತ್ತಾನೆ. 1000 ದಾಟಿದರೆ ಒಂದೆರಡು ಉಸಿರು ಸಾಕು. 1000 ಪಿಪಿಎಂ ಎಂದರೆ ಶೇ 0.1 ಮಾತ್ರ. ಅಷ್ಟು ಅನಿಲದಿಂದ ದೀಪಕ್ಕೆ ಏನೂ ಆಗುವುದಿಲ್ಲ.

ಮೂರು: ಕಾರ್ಬನ್ ಮೊನಾಕ್ಸೈಡ್. ಬಾವಿಯೊಳಗಿನ ಕಟ್ಟೆಯ ಮೇಲೆ ಡೀಸೆಲ್ ಅಥವಾ ಪೆಟ್ರೋಲ್ ಪಂಪ್ ಓಡಿಸಿ ನೀರು ಖಾಲಿ ಮಾಡಿದರೆ ಅದರ ಹೊಗೆ ಒಳಗೇ ಉಳಿಯುತ್ತದೆ. ಅದರಲ್ಲಿರುವ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದನ್ನೂ ದೀಪ ತೋರಿಸುವುದಿಲ್ಲ.

ನಾಲ್ಕು: ಮೀಥೇನ್. ಸಗಣಿ ಗ್ಯಾಸ್ ಗುಂಡಿ, ಶೌಚಗುಂಡಿಗಳಲ್ಲಿ ಇದು ಇರುತ್ತದೆ. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಮೀಥೇನ್ ಬೆರೆತಿದ್ದರೆ ಕಿಡಿ ತಾಗಿದೊಡನೆ ಸ್ಫೋಟ. ಇಲ್ಲಿ ದೀಪ ಇಳಿಸುವುದು ಪರೀಕ್ಷೆಯಲ್ಲ, ಬೆಂಕಿ ಹಚ್ಚುವುದು.

ವಾಸನೆಯಿಂದ ಗೊತ್ತಾಗುತ್ತದಲ್ಲ?

ಇದು ಇನ್ನೊಂದು ತಪ್ಪು ತಿಳಿವಳಿಕೆ. ಹೈಡ್ರೋಜನ್ ಸಲ್ಫೈಡ್ 1 ಪಿಪಿಎಂಗಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುತ್ತದೆ. ಆದರೆ 100 ಪಿಪಿಎಂ ಮಟ್ಟದಲ್ಲಿ ಎರಡರಿಂದ ಹದಿನೈದು ನಿಮಿಷದೊಳಗೆ ಮೂಗಿನ ಶಕ್ತಿಯೇ ಸತ್ತುಹೋಗುತ್ತದೆ. ‘ಮೊದಲು ನಾರುತ್ತಿತ್ತು, ಈಗ ಇಲ್ಲ, ಗ್ಯಾಸ್ ಹೋಯಿತು’ ಎಂದು ಅನಿಸುತ್ತದೆ. ಹೋದದ್ದು ಗ್ಯಾಸ್ ಅಲ್ಲ, ವಾಸನೆ ಹಿಡಿಯುವ ಶಕ್ತಿ.

ನೈಟ್ರೋಜನ್‌ಗೆ ವಾಸನೆಯೇ ಇಲ್ಲ. ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳಲ್ಲಿ ಬೆಂಕಿ ತಡೆಯಲು ಟ್ಯಾಂಕ್‌ಗಳಿಗೆ ನೈಟ್ರೋಜನ್ ತುಂಬುವ ಪದ್ಧತಿಯಿದೆ. ಬೀದರ್ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದಂಥ ಕಡೆ ಕೆಲಸ ಮಾಡುವವರು ಇದನ್ನು ನೆನಪಿಡಬೇಕು. ಖಾಲಿ, ತೊಳೆದ, ಸ್ವಚ್ಛವಾಗಿ ಕಾಣುವ ಟ್ಯಾಂಕ್ ಒಳಗೆ ಉಸಿರಾಡುವ ಗಾಳಿಯೇ ಇಲ್ಲದಿರಬಹುದು.

ಮೊಬೈಲ್ ಆ್ಯಪ್ ಬಳಸಬಹುದೇ?

ಬಳಸಬಾರದು. ಸಾಮಾನ್ಯ ಸ್ಮಾರ್ಟ್‌ಫೋನ್‌ನಲ್ಲಿ ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅಳೆಯುವ ಸೆನ್ಸರ್ ಇರುವುದಿಲ್ಲ. ಸೆನ್ಸರ್ ಇಲ್ಲದ ಮೇಲೆ ಆ್ಯಪ್ ತೋರಿಸುವ ಅಂಕಿಗೆ ಬೆಲೆಯಿಲ್ಲ. ಅಡುಗೆಮನೆಯ ಎಲ್‌ಪಿಜಿ ಅಲಾರಂ ಕೂಡ ಬಾವಿಗೆ ಆಗುವುದಿಲ್ಲ. ಅದು ಇರುವುದು ಉರಿಯುವ ಅನಿಲಕ್ಕೆ. ಆಮ್ಲಜನಕ ಎಷ್ಟಿದೆ ಎಂದು ಅದು ಹೇಳುವುದಿಲ್ಲ.

ಹಾಗಾದರೆ ಯಾವ ಯಂತ್ರ?

ಇಕ್ಕಟ್ಟಾದ ಜಾಗಗಳಿಗೆ ಬಳಸುವುದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ‘ನಾಲ್ಕು ಗ್ಯಾಸ್ ಮೀಟರ್’. ಅದರ ಪರದೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಸಾಮಾನ್ಯವಾಗಿ ಅಲಾರಂ ಕೂಗುವ ಮಟ್ಟಗಳು ಹೀಗಿರುತ್ತವೆ:

- ಆಮ್ಲಜನಕ: ಶೇ 19.5ಕ್ಕಿಂತ ಕಡಿಮೆ ಅಥವಾ ಶೇ 23.5ಕ್ಕಿಂತ ಹೆಚ್ಚು
- ಉರಿಯುವ ಅನಿಲ: ಎಲ್‌ಇಎಲ್‌ನ ಶೇ 10
- ಕಾರ್ಬನ್ ಮೊನಾಕ್ಸೈಡ್: 35 ಪಿಪಿಎಂ
- ಹೈಡ್ರೋಜನ್ ಸಲ್ಫೈಡ್: 10 ಪಿಪಿಎಂ

ಇಲ್ಲಿ ಎಲ್‌ಇಎಲ್ ಎಂದರೆ ಸ್ಫೋಟಕ್ಕೆ ಬೇಕಾದ ಕನಿಷ್ಠ ಪ್ರಮಾಣ. ಮೀಥೇನ್‌ಗೆ ಅದು ಗಾಳಿಯ ಶೇ 5. ಅಂದರೆ ಪರದೆಯ ಮೇಲೆ 10 ಬಂದರೆ ಗಾಳಿಯಲ್ಲಿ ಮೀಥೇನ್ ಶೇ 0.5 ಇದೆ ಎಂದರ್ಥ. ಸ್ಫೋಟಕ್ಕೆ ಇನ್ನೂ ದೂರವಿದ್ದರೂ ಹೊರಬರಬೇಕಾದ ಸಮಯ ಅದು.

ಮೀಟರ್ ಒಳಗೆ ಎರಡು ಬಗೆಯ ಸೆನ್ಸರ್ ಇರುತ್ತವೆ. ಆಮ್ಲಜನಕ ಮತ್ತು ಎರಡು ವಿಷಾನಿಲಗಳಿಗೆ ಸಣ್ಣ ಬ್ಯಾಟರಿಯಂಥ ಸೆನ್ಸರ್. ಅನಿಲ ಒಳಹೊಕ್ಕಾಗ ರಾಸಾಯನಿಕ ಕ್ರಿಯೆ ನಡೆದು ಸಣ್ಣ ವಿದ್ಯುತ್ ಹರಿಯುತ್ತದೆ, ಅದೇ ಅಂಕಿಯಾಗುತ್ತದೆ. ಬ್ಯಾಟರಿಯಂತೆಯೇ ಇವು ಎರಡು ಮೂರು ವರ್ಷಕ್ಕೆ ಸವೆಯುತ್ತವೆ. ಉರಿಯುವ ಅನಿಲಕ್ಕೆ ಬಿಸಿಯಾದ ಪುಟ್ಟ ಮಣಿಯಿರುತ್ತದೆ. ಅದರ ಮೇಲೆ ಅನಿಲ ಉರಿದು ಶಾಖ ಏರುವುದನ್ನು ಯಂತ್ರ ಅಳೆಯುತ್ತದೆ. ಉರಿಯಲು ಆಮ್ಲಜನಕ ಬೇಕು. ಹಾಗಾಗಿ ಆಮ್ಲಜನಕ ತೀರಾ ಕಡಿಮೆ ಇರುವ ಟ್ಯಾಂಕ್‌ನಲ್ಲಿ ಮೀಥೇನ್ ತುಂಬಿದ್ದರೂ ಈ ಅಂಕಿ ಕಡಿಮೆ ತೋರಬಹುದು. ಅದಕ್ಕೇ ಮೊದಲು ಆಮ್ಲಜನಕದ ಅಂಕಿ ನೋಡಬೇಕು, ಆಮೇಲೆ ಉರಿಯುವ ಅನಿಲ, ಕೊನೆಗೆ ವಿಷಾನಿಲ.

ಸಿಲಿಕೋನ್ ಇರುವ ಸ್ಪ್ರೇ, ಪಾಲಿಶ್ ಬಳಿಯಿದ್ದರೆ ಆ ಮಣಿ ಹಾಳಾಗುತ್ತದೆ. ಹಾಳಾದ ಮೇಲೂ ಪರದೆ ನೆಮ್ಮದಿಯಾಗಿ ಸೊನ್ನೆ ತೋರಿಸುತ್ತಿರುತ್ತದೆ.

ಬಳಸುವ ಕ್ರಮ

1. ಶುದ್ಧ ಗಾಳಿಯಲ್ಲಿ ಆನ್ ಮಾಡಿ. ಯಂತ್ರ ಬೆಚ್ಚಗಾಗಿ ಸಿದ್ಧವಾಗುವವರೆಗೆ ಕಾಯಿರಿ. ಆಮ್ಲಜನಕ 20.9, ಉಳಿದವು ಸೊನ್ನೆ ತೋರಬೇಕು. ಈ ‘ಸೊನ್ನೆ ಹೊಂದಿಸುವ’ ಕೆಲಸವನ್ನು ಓಡುತ್ತಿರುವ ಜನರೇಟರ್, ಟ್ರ್ಯಾಕ್ಟರ್ ಅಥವಾ ತೆರೆದ ಗುಂಡಿಯ ಪಕ್ಕ ಮಾಡಬೇಡಿ. ಅಲ್ಲಿನ ಕೆಟ್ಟ ಗಾಳಿಯನ್ನೇ ಯಂತ್ರ ಶುದ್ಧ ಎಂದು ತಿಳಿದು ಮುಂದೆಲ್ಲ ಕಡಿಮೆ ತೋರಿಸುತ್ತದೆ.

2. ಬಂಪ್ ಟೆಸ್ಟ್ ಮಾಡಿ. ಪ್ರಮಾಣ ಗೊತ್ತಿರುವ ಗ್ಯಾಸ್‌ನ ಸಣ್ಣ ಸಿಲಿಂಡರ್ ಬರುತ್ತದೆ. ಅದನ್ನು ಕೆಲವು ಸೆಕೆಂಡ್ ಹಾಯಿಸಿದರೆ ಅಲಾರಂ ಕೂಗಬೇಕು. ಕೂಗದಿದ್ದರೆ ಆ ಮೀಟರ್ ಕೆಲಸಕ್ಕೆ ಬಾರದು. ಪ್ರತಿದಿನ ಬಳಸುವ ಮುನ್ನ ಈ ಪರೀಕ್ಷೆ ಬೇಕು. ಯಂತ್ರ ಆನ್ ಆಗುತ್ತದೆ, ಲೈಟ್ ಮಿಣುಕುತ್ತದೆ ಎಂಬುದು ಸೆನ್ಸರ್ ಜೀವಂತವಾಗಿದೆ ಎನ್ನಲು ಸಾಕ್ಷಿಯಲ್ಲ.

3. ಕ್ಯಾಲಿಬ್ರೇಷನ್ ದಿನಾಂಕ ನೋಡಿ. ತಯಾರಕರು ಹೇಳಿದ ಅವಧಿ ಮೀರಿದ್ದರೆ ಬಳಸಬೇಡಿ. ಬಾಡಿಗೆಗೆ ತಂದ ಮೀಟರ್ ಆಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

4. ಹೊರಗೆ ನಿಂತೇ ಅಳೆಯಿರಿ. ಪಂಪ್ ಇರುವ ಮೀಟರ್‌ಗೆ ಪೈಪ್ ಜೋಡಿಸಿ ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆಯಾಗಿ ಅಳೆಯಬೇಕು. ಆಳದ ಜಾಗವಾದರೆ ಸುಮಾರು ನಾಲ್ಕು ಅಡಿಗೊಮ್ಮೆ. ಮೀಥೇನ್ ಗಾಳಿಗಿಂತ ಹಗುರ, ಮೇಲೇರುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಯ ಒಂದೂವರೆ ಪಟ್ಟು ಭಾರ, ತಳ ಹಿಡಿಯುತ್ತದೆ. ಬಾವಿಯ ಬಾಯಲ್ಲಿ ಮಾತ್ರ ನೋಡಿ ಇಳಿದರೆ ತಳದ ಗಾಳಿ ಬೇರೆಯೇ ಇರಬಹುದು.

5. ಕಾಯಿರಿ. ತಳದ ಗಾಳಿ ಪೈಪ್‌ನಲ್ಲಿ ಮೇಲೆ ಬರಲು ಸಮಯ ಬೇಕು, ಸೆನ್ಸರ್ ಪೂರ್ತಿ ಅಂಕಿಗೆ ಏರಲು ಇನ್ನೂ ಅರ್ಧ ನಿಮಿಷದಿಂದ ಒಂದು ನಿಮಿಷ ಬೇಕು. ಉದ್ದ ಪೈಪ್ ಇದ್ದರೆ ಒಂದೊಂದು ಆಳದಲ್ಲೂ ಎರಡು ನಿಮಿಷ ಕಾಯುವುದು ಒಳ್ಳೆಯದು. ಪೈಪ್ ತುದಿ ನೀರಿಗೆ ಮುಳುಗದಂತೆ ನೋಡಿ. ನೀರು ಎಳೆದುಕೊಂಡರೆ ಪಂಪ್ ಕೆಡುತ್ತದೆ.

6. ಗಾಳಿ ಹಾಯಿಸಿ, ಮತ್ತೆ ಅಳೆಯಿರಿ. ಬ್ಲೋವರ್‌ನಿಂದ ಶುದ್ಧ ಗಾಳಿಯನ್ನು ತಳದವರೆಗೆ ತಳ್ಳಬೇಕು. ಇಳಿದವನು ಮೇಲೆ ಬರುವವರೆಗೂ ಅದು ಓಡುತ್ತಿರಬೇಕು. ನೆಲದಡಿ ಕೆಲಸಕ್ಕೆ ಗಾಳಿಯ ದಾರಿ ಬೇಕೆಂಬುದು ಬೀದರ್‌ಗೆ ಹೊಸ ವಿಚಾರವಲ್ಲ. ಬಹಮನಿ ಕಾಲದ ನೌಬಾದ್ ಕರೇಜ್‌ನ ಸುರಂಗದುದ್ದಕ್ಕೂ ಮೇಲಿನಿಂದ ಕೊರೆದ ಬಾವಿಯಂಥ ಕಿಂಡಿಗಳಿವೆ. ಮಣ್ಣು ಎತ್ತಲು ಮತ್ತು ಕೆಳಗಿನವರಿಗೆ ಗಾಳಿ, ಬೆಳಕು ಸಿಗಲು ಅವು ಬೇಕಾಗಿದ್ದವು.

7. ಮೀಟರ್ ಮೈಮೇಲೇ ಇರಲಿ. ಇಳಿದವನ ಎದೆಯ ಬಳಿ ಅದು ಸಿಕ್ಕಿಸಿರಬೇಕು. ಇಳಿಯುವ ಮುನ್ನ ಎಲ್ಲ ಸರಿಯಿದ್ದರೂ ಕೆಸರನ್ನು ಕಲಕಿದೊಡನೆ, ಸೋಡಾ ಬಾಟಲಿ ಅಲುಗಾಡಿಸಿದಂತೆ, ಅದರಲ್ಲಿ ಅಡಗಿದ್ದ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಹೊರಬರುತ್ತದೆ.

8. ಬಿಸಿಲಲ್ಲಿ ಬಿಡಬೇಡಿ. ಇಂಥ ಮೀಟರ್‌ಗಳು ಸಾಮಾನ್ಯವಾಗಿ 50 ಡಿಗ್ರಿವರೆಗೆ ಕೆಲಸ ಮಾಡುವಂತೆ ಮಾಡಿರುತ್ತಾರೆ. ಮೇ ತಿಂಗಳಲ್ಲಿ ಮುಚ್ಚಿದ ಜೀಪಿನೊಳಗೆ ಅದಕ್ಕಿಂತ ಹೆಚ್ಚು ಶಾಖ ಸುಲಭವಾಗಿ ಏರುತ್ತದೆ.

ಅಲಾರಂ ಕೂಗಲಿಲ್ಲ, ಆದರೂ ಅಪಾಯವೇ?

ಹೌದು, ಇರಬಹುದು. ನಾಲ್ಕು ಗ್ಯಾಸ್ ಮೀಟರ್ ಆ ನಾಲ್ಕನ್ನು ಬಿಟ್ಟು ಬೇರೇನನ್ನೂ ನೇರವಾಗಿ ಅಳೆಯುವುದಿಲ್ಲ. ಇಂಗಾಲದ ಡೈಆಕ್ಸೈಡ್ ಆ ಪಟ್ಟಿಯಲ್ಲಿಲ್ಲ. ಗಾಳಿಯಲ್ಲಿ ಅದು ಶೇ 4 ಇದ್ದರೆ ಜೀವಕ್ಕೆ ತಕ್ಷಣದ ಅಪಾಯ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಗುರುತಿಸಿದೆ.

ಈಗ ಸಣ್ಣ ಲೆಕ್ಕ ಮಾಡಿ. ಹೊರಗಿನಿಂದ ಬಂದ ಯಾವುದೇ ಅನಿಲ ಗಾಳಿಯ ಶೇ 4ರಷ್ಟು ಜಾಗ ಹಿಡಿದರೆ ಉಳಿಯುವ ಗಾಳಿ ಶೇ 96. ಅದರಲ್ಲಿ ಆಮ್ಲಜನಕ 20.9ರಿಂದ ಸುಮಾರು 20.1ಕ್ಕೆ ಇಳಿಯುತ್ತದೆ. ಅಲಾರಂ ಇರುವುದು 19.5ಕ್ಕೆ, ಹಾಗಾಗಿ ಅದು ಸುಮ್ಮನಿರುತ್ತದೆ. ದೀಪವೂ ಉರಿಯುತ್ತಿರುತ್ತದೆ.

ಆದ್ದರಿಂದ ಆಮ್ಲಜನಕದ ಅಂಕಿ ಅರ್ಧ ಅಂಶದಷ್ಟು ಇಳಿದರೂ, ಅಂದರೆ 20.9 ಇದ್ದದ್ದು 20.4 ಆದರೂ, ‘ಏಕೆ ಇಳಿಯಿತು?’ ಎಂದು ಕೇಳಬೇಕು. ಕಾರಣ ತಿಳಿಯದೆ ಇಳಿಯಬಾರದು. ಬಾವಿ, ಕಾಳಿನ ಗುಂಡಿ, ಹುಳಿ ಹಿಡಿದ ಕಾಕಂಬಿಯ ಟ್ಯಾಂಕ್‌ಗಳಿಗೆ ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್ ಇರುವ ಮೀಟರ್ ಬೇಕು.

ಸಕ್ಕರೆ ಕಾರ್ಖಾನೆಯ ಮಾತೂ ಹೀಗೆಯೇ. ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ, ಜಿಲ್ಲೆಯಲ್ಲಿ ಬೇರೆಯವೂ ಇವೆ. ನಮ್ಮ ದೇಶದಲ್ಲಿ ಬಿಳಿ ಸಕ್ಕರೆ ಮಾಡುವಾಗ ಕಬ್ಬಿನ ಹಾಲನ್ನು ತಿಳಿ ಮಾಡಲು ಗಂಧಕ ಉರಿಸಿದ ಅನಿಲ, ಅಂದರೆ ಸಲ್ಫರ್ ಡೈಆಕ್ಸೈಡ್ ಬಳಸುವುದು ಸಾಮಾನ್ಯ ವಿಧಾನ. ಸಾಮಾನ್ಯ ನಾಲ್ಕು ಗ್ಯಾಸ್ ಮೀಟರ್‌ನಲ್ಲಿ ಅದಕ್ಕೆ ಸೆನ್ಸರ್ ಇರುವುದಿಲ್ಲ. ಮೀಟರ್ ಕೊಳ್ಳುವ ಮೊದಲು ಆ ಜಾಗದಲ್ಲಿ ಯಾವ ಅನಿಲ ಬರಬಹುದು ಎಂದು ಪಟ್ಟಿ ಮಾಡಬೇಕು.

ಗೋಡೆಗೆ ಕೂರಿಸುವ ಯಂತ್ರ ಎಲ್ಲಿರಬೇಕು?

ಕಾರ್ಖಾನೆಗಳಲ್ಲಿ ಹಗಲೂ ರಾತ್ರಿ ಕಾಯುವ ಸ್ಥಿರ ಯಂತ್ರಗಳೂ ಇರುತ್ತವೆ. ಅವುಗಳಲ್ಲಿ ಹೆಚ್ಚು ತಪ್ಪಾಗುವುದು ಎತ್ತರದ ವಿಷಯದಲ್ಲಿ. ಎಲ್‌ಪಿಜಿ, ಸಲ್ಫರ್ ಡೈಆಕ್ಸೈಡ್, ಕ್ಲೋರಿನ್ ಭಾರದ ಅನಿಲಗಳು, ಸೆನ್ಸರ್ ನೆಲದಿಂದ ಒಂದು ಒಂದೂವರೆ ಅಡಿ ಎತ್ತರದಲ್ಲಿರಬೇಕು. ಮೀಥೇನ್, ಅಮೋನಿಯಾ ಹಗುರ, ಸೆನ್ಸರ್ ಚಾವಣಿಯ ಹತ್ತಿರ ಬೇಕು. ಕಾರ್ಬನ್ ಮೊನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ, ಅದಕ್ಕೆ ಮೂಗಿನ ಎತ್ತರ ಸರಿ.

ಸೋರಿಕೆಯಾಗಬಹುದಾದ ವಾಲ್ವ್, ಪಂಪ್‌ಗೆ ಹತ್ತಿರವಿರಲಿ, ಆದರೆ ಫ್ಯಾನ್ ಅಥವಾ ಕಿಟಕಿಯ ಗಾಳಿ ನೇರ ಬೀಸುವಲ್ಲಿ ಬೇಡ. ಕ್ಯಾಲಿಬ್ರೇಷನ್‌ಗೆ ಏಣಿಯಿಲ್ಲದೆ ತಲುಪಲಾಗದ ಜಾಗದಲ್ಲಿ ಕೂರಿಸಿದರೆ ಅದನ್ನು ಯಾರೂ ಮುಟ್ಟುವುದಿಲ್ಲ. ಸೈರನ್ ಬಾಗಿಲ ಹೊರಗೂ ಇರಬೇಕು, ಇಲ್ಲದಿದ್ದರೆ ಒಳಗೆ ಹೋದ ಮೇಲಷ್ಟೇ ಅಪಾಯ ತಿಳಿಯುತ್ತದೆ. ಕರೆಂಟ್ ಹೋದಾಗಲೂ ಓಡುವಂತೆ ಬ್ಯಾಟರಿ ಬೇಕು.

ಕಾನೂನು ಏನು ಹೇಳುತ್ತದೆ?

ಅಳೆಯದೆ ಇಳಿಸಬಾರದು ಎಂಬುದು ಹೊಸ ನಿಯಮವಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್‌ನಲ್ಲೇ ಅದನ್ನು ಬರೆಯಲಾಗಿತ್ತು: ಸಮರ್ಥ ವ್ಯಕ್ತಿ ತಾನೇ ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಡಬೇಕು. ಇಲ್ಲವೇ ಇಳಿಯುವವನಿಗೆ ಉಸಿರಾಟದ ಉಪಕರಣ ಇರಬೇಕು, ಸೊಂಟದ ಬೆಲ್ಟ್‌ಗೆ ಕಟ್ಟಿದ ಹಗ್ಗದ ತುದಿಯನ್ನು ಹೊರಗೆ ಒಬ್ಬ ಹಿಡಿದಿರಬೇಕು.

ಶೌಚಗುಂಡಿ ಮತ್ತು ಒಳಚರಂಡಿಗೆ 2013ರ ಕಾಯ್ದೆ ಇನ್ನೂ ಕಠಿಣ. ರಕ್ಷಣಾ ಸಾಧನವಿಲ್ಲದೆ ಇಳಿಸುವುದು ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಮನೆಯ ಶೌಚಗುಂಡಿಗೆ ಕೂಲಿಯವರನ್ನು ಇಳಿಸುವ ಅಗತ್ಯವೇ ಇಲ್ಲ. ಸಕ್ಕಿಂಗ್ ಯಂತ್ರದ ವಾಹನಕ್ಕೆ ನಗರಸಭೆ, ಪುರಸಭೆ ಅಥವಾ ಪಂಚಾಯಿತಿಯಲ್ಲಿ ಕೇಳಿ.

ಒಳಗೆ ಯಾರಾದರೂ ಬಿದ್ದರೆ?

ಹೆಚ್ಚು ಜೀವಗಳು ಹೋಗುವುದು ಇಲ್ಲೇ. ಅಣ್ಣ ಬಿದ್ದನೆಂದು ತಮ್ಮ ಇಳಿಯುತ್ತಾನೆ, ತಮ್ಮನ ಹಿಂದೆ ಪಕ್ಕದ ಹೊಲದವನು. 1986ರಲ್ಲಿ ನಿಯೋಶ್ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಇಂಥ ಜಾಗಗಳಲ್ಲಿ ಸತ್ತವರಲ್ಲಿ ಶೇ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲು ಹೋದವರು. ನಮ್ಮ ಬೆಂಗಳೂರಿನಲ್ಲೇ 2017ರ ಮಾರ್ಚ್‌ನಲ್ಲಿ ಸಿ.ವಿ. ರಾಮನ್ ನಗರದ ಒಂದೇ ಮ್ಯಾನ್‌ಹೋಲ್‌ನಲ್ಲಿ ಮೂವರು ಸತ್ತರು.

ಆ ಹೊತ್ತಿನಲ್ಲಿ ಇಳಿಯದೆ ನಿಲ್ಲುವುದು ತುಂಬಾ ಕಷ್ಟ. ಆದರೆ ಮೊದಲನೆಯವನನ್ನು ಬೀಳಿಸಿದ ಗಾಳಿ ಎರಡನೆಯವನನ್ನೂ ಅಷ್ಟೇ ಬೇಗ ಬೀಳಿಸುತ್ತದೆ. ಮಾಡಬೇಕಾದದ್ದು ಇಷ್ಟು: ಸೊಂಟಕ್ಕೆ ಹಗ್ಗವಿದ್ದರೆ ಮೇಲಿನಿಂದಲೇ ಎಳೆಯಿರಿ. ಬ್ಲೋವರ್ ಇದ್ದರೆ ಓಡಿಸಿ, ಬೀಡಿ ಬೆಂಕಿ ಹತ್ತಿರ ಬರಲು ಬಿಡಬೇಡಿ. 112ಕ್ಕೆ ಕರೆ ಮಾಡಿ ‘ಬಾವಿಯಲ್ಲಿ ಗ್ಯಾಸ್, ಉಸಿರಾಟದ ಸಿಲಿಂಡರ್ ಬೇಕು’ ಎಂದು ಸ್ಪಷ್ಟವಾಗಿ ಹೇಳಿ. ಅಗ್ನಿಶಾಮಕ ದಳದವರು ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರ್ ಇಲ್ಲದೆ ಇಂಥಲ್ಲಿಗೆ ಇಳಿಯಲು ಆಗುವುದಿಲ್ಲ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿ ಇಳಿಯುವುದರಿಂದ ಪ್ರಯೋಜನವಿಲ್ಲ. ಬಟ್ಟೆ ಧೂಳನ್ನು ತಡೆಯುತ್ತದೆ, ಇಲ್ಲದ ಆಮ್ಲಜನಕವನ್ನು ತಂದುಕೊಡುವುದಿಲ್ಲ.

ನಿಜಾಂಶ

‘ದೀಪ ಉರಿದರೆ ಇಳಿಯಬಹುದು’ ಎಂಬುದು ತಪ್ಪು ಮತ್ತು ಅಪಾಯಕಾರಿ. ಫಾರ್ವರ್ಡ್ ಮಾಡುವುದಾದರೆ ಈ ನಾಲ್ಕು ಸಾಲು ಮಾಡಿ:

- ದೀಪ, ವಾಸನೆ, ಮೊಬೈಲ್ ಆ್ಯಪ್ ನಂಬಿ ಬಾವಿ, ಟ್ಯಾಂಕ್, ಗುಂಡಿಗೆ ಇಳಿಯಬೇಡಿ.
- ಬಂಪ್ ಟೆಸ್ಟ್ ಮಾಡಿದ ಮೀಟರ್‌ನಿಂದ ಮೇಲೆ, ನಡುವೆ, ತಳದಲ್ಲಿ ಅಳೆಯಿರಿ.
- ಅಲಾರಂ ಕೂಗದಿದ್ದರೂ ಆಮ್ಲಜನಕ 20.9ರಿಂದ ಇಳಿದಿದ್ದರೆ ಕಾರಣ ಹುಡುಕಿ.
- ಬಿದ್ದವರ ಹಿಂದೆ ಇಳಿಯಬೇಡಿ, 112ಕ್ಕೆ ಕರೆ ಮಾಡಿ.